ಮುಂಗಡ ಕೊಟ್ಟವರು ಯಾರು?

ಗುಲಾಮಗಿರಿ ತಮ್ಮ ಬಾಗಿಲಿಗೆ ಬರುವ ಸಂಗತಿಯಲ್ಲ ಎಂದು ಮಹಾನಗರದ ದೊಡ್ಡ ಕಚೇರಿಗಳು ನಂಬಿವೆ. ಆದರೆ ಆ ಕಚೇರಿಯ ಗೋಡೆ ಕಟ್ಟಿದ, ನೆಲ ಒರೆಸುವ ಕೈಗಳು ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಹೊರಡುವ ಮೊದಲೇ ಸಾಲವೊಂದಕ್ಕೆ ಕಟ್ಟುಬಿದ್ದಿರಬಹುದು. ಹೊಸ ಹೆಸರಿನ ಹಳೆಯ ಜೀತವನ್ನು ತಡೆಯುವುದು ಹೇಗೆ?

ಸಂಜೆಯ ಹೊತ್ತು ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾದು ನಿಂತವರ ಸಾಮಾನು ನೋಡಿದರೆ ಸಾಕು, ಯಾರು ಎಷ್ಟು ದಿನಕ್ಕೆ ಹೊರಟಿದ್ದಾರೆಂದು ಹೇಳಿಬಿಡಬಹುದು. ಒಂದೇ ಕೈಚೀಲ ಹಿಡಿದವರು ನಾಡಿದ್ದು ಮರಳುವವರು. ಜೋಳದ ಹಿಟ್ಟಿನ ಚೀಲ, ಕೌದಿಯ ಸುತ್ತು, ಎರಡು ಪಾತ್ರೆ, ಸೊಂಟದ ಮೇಲೊಂದು ಕೂಸು ಇದ್ದರೆ ಅದು ಗುಳೆ. ಹಬ್ಬಕ್ಕೋ ಜಾತ್ರೆಗೋ ಬಿಟ್ಟರೆ ಅವರು ಮತ್ತೆ ಈ ನಿಲ್ದಾಣದಲ್ಲಿ ಇಳಿಯುವುದಿಲ್ಲ.

ಇಂಥ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಸಾಮಾನು ಕಡಿಮೆ, ಫೋನು ಹೆಚ್ಚು. ಎಲ್ಲರ ಟಿಕೆಟ್ಟೂ ಅವನ ಜೇಬಿನಲ್ಲಿರುತ್ತದೆ. ಅವನು ಮೇಸ್ತ್ರಿ. ಬಹಳ ಸಲ ಅವನೂ ಅದೇ ಊರಿನವನು, ಕೆಲವೊಮ್ಮೆ ಅದೇ ಕೇರಿಯವನು. ಹೊರಟವರ ಮನೆಗೆ ಅವನ ಕೈಯಿಂದ ಆಗಲೇ ಹಣ ಸಂದಾಯವಾಗಿರುತ್ತದೆ. ಮಗಳ ಮದುವೆ, ಆಸ್ಪತ್ರೆಯ ಬಿಲ್ಲು, ಬತ್ತಿದ ಕೊಳವೆ ಬಾವಿ, ಹಳೆಯ ಸಾಲದ ಬಡ್ಡಿ, ಹೀಗೆ ಆ ಹಣಕ್ಕೆ ದಾರಿ ಮೊದಲೇ ಸಿದ್ಧವಾಗಿತ್ತು. ಅದನ್ನು ಯಾರೂ ಸಾಲ ಎನ್ನುವುದಿಲ್ಲ. ಅದರ ಹೆಸರು ಮುಂಗಡ, ಅಂದರೆ ‘ಅಡ್ವಾನ್ಸ್’.

ಸುಮಾರು ನಾನೂರು ಕಿಲೋಮೀಟರ್ ಆಚೆ, ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಬೆಳಿಗ್ಗೆ ಸಿಬ್ಬಂದಿ ಬರುವ ಹೊತ್ತಿಗೆ ನೆಲ ಒರೆಸಿ ಮುಗಿದಿರುತ್ತದೆ. ಲೆಕ್ಕ ಪರಿಶೋಧನೆ, ಕಾನೂನು ಸಲಹೆ, ವ್ಯವಹಾರ ಸಲಹೆ, ತಂತ್ರಾಂಶ ಸೇವೆ, ಇವು ಅಲ್ಲಿ ನಡೆಯುವ ಉದ್ಯೋಗಗಳು. ಬೆವರು, ಧೂಳು ಇಲ್ಲದ ಕೆಲಸ. ಒಳಗೆ ಕೂತವರಿಗೆ ನೇಮಕ ಪತ್ರವಿದೆ, ತಿಂಗಳ ಸಂಬಳವಿದೆ, ಬೇಡವೆನಿಸಿದರೆ ರಾಜೀನಾಮೆ ಕೊಟ್ಟು ಹೊರಡುವ ಸ್ವಾತಂತ್ರ್ಯವಿದೆ. ಅಂಥ ಸಂಸ್ಥೆಗೂ ಜೀತಕ್ಕೂ ಎತ್ತಣ ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಸಂಬಂಧವನ್ನು ಆ ಬಸ್ಸಿನ ಟಿಕೆಟ್ಟಿನಿಂದಲೇ ಹುಡುಕಬೇಕಾಗುತ್ತದೆ.

ಕಾಯ್ದೆಯ ಮೊದಲ ಶಬ್ದ

ಜೀತ ಎಂದೊಡನೆ ಗೌಡರ ಮನೆಯ ದನದ ಕೊಟ್ಟಿಗೆ, ತಲೆಮಾರಿನಿಂದ ತಲೆಮಾರಿಗೆ ದುಡಿಯುವ ಆಳು ಕಣ್ಣ ಮುಂದೆ ಬರುತ್ತಾನೆ. ರಾಯಚೂರು ಸೀಮೆ ನಿಜಾಮರ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ ಇದಕ್ಕೆ ‘ಭಗೇಲ’ ಎಂಬ ಹೆಸರೂ ಇತ್ತು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದರೂ ಕೇಂದ್ರ ಕಾಯ್ದೆಯೊಂದು ಬರಲು ಕಾಲು ಶತಮಾನ ಬೇಕಾಯಿತು. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದದ್ದು 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆಯಾಯಿತು. ದೇಶದ ಬೇರೆ ಬೇರೆ ಭಾಗದ ಜೀತಗಳ ಹೆಸರುಗಳನ್ನು ಆ ಕಾಯ್ದೆ ಪಟ್ಟಿ ಮಾಡಿದೆ. ಜೀತ, ಭಗೇಲ, ವೆಟ್ಟಿ ಮೂರೂ ಅದರಲ್ಲಿವೆ.

ಆ ಕಾಯ್ದೆ ವ್ಯಾಖ್ಯಾನಿಸುವ ಮೊಟ್ಟಮೊದಲ ಶಬ್ದ ‘ಮುಂಗಡ’. ನಗದಾಗಿರಲಿ, ಕಾಳಿನ ರೂಪದಲ್ಲಿರಲಿ, ಒಬ್ಬ ಇನ್ನೊಬ್ಬನಿಗೆ ಮೊದಲೇ ಕೊಟ್ಟದ್ದು ಮುಂಗಡ. ಮುಂಗಡವೆಲ್ಲ ಜೀತವಲ್ಲ ಎಂಬುದನ್ನೂ ಹೇಳಲೇಬೇಕು. ಸಂಬಳದಲ್ಲಿ ಸ್ವಲ್ಪ ಮೊದಲೇ ಪಡೆಯುವ ಗುಮಾಸ್ತ ಜೀತದಾಳಲ್ಲ. ಗುಳೆ ಹೋಗುವವರಲ್ಲಿ ತಮ್ಮ ಇಚ್ಛೆಯಿಂದ ಹೋಗಿ, ನಾಲ್ಕು ಕಾಸು ಉಳಿಸಿಕೊಂಡು ಬರುವವರೂ ಇದ್ದಾರೆ. ಮುಂಗಡದ ಕಾರಣದಿಂದ ನಾಲ್ಕರಲ್ಲಿ ಒಂದನ್ನು ಕಳೆದುಕೊಂಡರೂ ಅದು ಜೀತ ಎನ್ನುತ್ತದೆ ಕಾಯ್ದೆ. ಕೂಲಿ ಸಿಗದಿರುವುದು ಅಥವಾ ಕನಿಷ್ಠ ವೇತನಕ್ಕಿಂತ ಕಡಿಮೆ ಸಿಗುವುದು ಒಂದು. ಬೇರೆ ಕಡೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಹೋಗುವುದು ಎರಡು. ದೇಶದಲ್ಲಿ ಇಷ್ಟ ಬಂದ ಕಡೆ ಓಡಾಡುವ ಹಕ್ಕು ಹೋಗುವುದು ಮೂರು. ತಾನು ಬೆಳೆದದ್ದನ್ನು, ಮಾಡಿದ್ದನ್ನು ಮಾರುಕಟ್ಟೆಯ ಬೆಲೆಗೆ ಮಾರುವ ಹಕ್ಕು ಹೋಗುವುದು ನಾಲ್ಕು. ಕಾಲಿಗೆ ಸರಪಳಿ ಬೇಕಿಲ್ಲ. ‘ಬಾಕಿ ಹರಿದಿಲ್ಲ, ಅದಕ್ಕ ಹೊಂಡಂಗಿಲ್ಲ’ ಎಂಬ ಒಂದು ಮಾತು ಸಾಕು.

ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಜೀತಕ್ಕೆ ಕಾರಣವಾದ ಸಾಲ ರದ್ದಾಗುತ್ತದೆ. ಅದನ್ನು ಆಮೇಲೆ ವಸೂಲು ಮಾಡುವುದೇ ಅಪರಾಧ. ಆ ಸಾಲ ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆ ಕೊಟ್ಟವನದು, ಪಡೆದವನದಲ್ಲ. ಶಿಕ್ಷೆ ಮೂರು ವರ್ಷದವರೆಗೆ ಸೆರೆ, ಎರಡು ಸಾವಿರ ರೂಪಾಯಿವರೆಗೆ ದಂಡ. ಕುಮ್ಮಕ್ಕು ಕೊಟ್ಟವರಿಗೂ ಅಷ್ಟೇ. ಅಪರಾಧ ಕಂಪೆನಿಯದಾದರೆ ಅದರ ಆಡಳಿತ ನಡೆಸುವವರು ಹೊಣೆಗಾರರು, ಮತ್ತು ಕಂಪೆನಿ ಎಂಬ ಮಾತಿನಲ್ಲಿ ಪಾಲುದಾರಿಕೆ ಸಂಸ್ಥೆಯೂ ಸೇರುತ್ತದೆ. ಲೆಕ್ಕಪರಿಶೋಧಕರ, ವಕೀಲರ ಸಂಸ್ಥೆಗಳು ಬಹುಪಾಲು ಪಾಲುದಾರಿಕೆಯವೇ ಎಂಬುದನ್ನು ಇಲ್ಲಿ ನೆನೆಯಬಹುದು.

ಏಷ್ಯಾಡ್ ಕಲಿಸಿದ ಪಾಠ

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಕ್ರೀಡಾಂಗಣ, ಮೇಲುಸೇತುವೆಗಳನ್ನು ಕಟ್ಟಿದವರು ದೂರದ ರಾಜ್ಯಗಳಿಂದ ಜಮಾದಾರರು ಕರೆತಂದ ಕೂಲಿಗಳು. ದಿನಕ್ಕೆ 9 ರೂಪಾಯಿ 25 ಪೈಸೆ ಕೂಲಿ. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರ ತಲೆಗೆ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ನಾಗರಿಕ ಹಕ್ಕುಗಳ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು.

ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿದ್ದ ಪೀಠ ಆ ಒಂದು ರೂಪಾಯಿಯನ್ನು ಸಣ್ಣ ಸಂಗತಿ ಎಂದು ಬಿಡಲಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವವನು ಹಸಿವಿನ ಒತ್ತಾಯಕ್ಕೆ ದುಡಿಯುತ್ತಾನೆ, ಅದೂ ಸಂವಿಧಾನ ಹೇಳುವ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟಿತು. ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದೇವೆ ಎಂದು ಮೂಲ ಮಾಲೀಕ ಕೈತೊಳೆದುಕೊಳ್ಳುವಂತಿಲ್ಲ ಎಂದೂ ಹೇಳಿತು. ಮುಂದೆ 1983ರಲ್ಲಿ ಫರೀದಾಬಾದಿನ ಕಲ್ಲುಗಣಿ ಕಾರ್ಮಿಕರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆ ಎಂದೇ ಭಾವಿಸಬೇಕು ಎಂದಿತು. ಎರಡು ತೀರ್ಪುಗಳನ್ನು ಜೋಡಿಸಿ ಓದಿದರೆ ಇಂದಿನ ಹೌಸ್‌ಕೀಪಿಂಗ್ ಗುತ್ತಿಗೆಗೂ ಅನ್ವಯಿಸುವ ಪಾಠ ಸಿಗುತ್ತದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದುಕೊಂಡಿದೆ.

ನೀರಿನ ಸೀಮೆಯಲ್ಲೂ ಗುಳೆ

ಸಿಂಧನೂರಿನಿಂದ ಏಕೆ ಗುಳೆ ಹೋಗಬೇಕು ಎಂದು ಹೊರಗಿನವರು ಕೇಳುವುದುಂಟು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು ಅದು. 1953ರಲ್ಲಿ ಜಲಾಶಯದ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಈ ತಾಲ್ಲೂಕಿನಲ್ಲಿ ಪುನರ್ವಸತಿ ಸಿಕ್ಕಿತು. ಸಿಂಧನೂರಿನ ಅಕ್ಕಿ ಬೆಂಗಳೂರಿನ ಹೋಟೆಲು, ಕ್ಯಾಂಟೀನುಗಳಲ್ಲಿ ಬೇಯುತ್ತದೆ.

ಆದರೆ ನೀರು ಎಲ್ಲರ ಹೊಲಕ್ಕೂ ಒಂದೇ ಸಮ ಹರಿಯುವುದಿಲ್ಲ. ಕಾಲುವೆಯ ಕೊನೆಯಂಚಿನ ರೈತ ಪ್ರತಿವರ್ಷವೂ ನೀರಿಗಾಗಿ ಹೋರಾಡುತ್ತಾನೆ. ಅದೇ ಹೆದ್ದಾರಿಯಲ್ಲಿ ಮುಂದೆ ಸಿಗುವ ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿದ ಎರೆ, ಮಸಾರಿ ಹೊಲಗಳಿವೆ, ಕಲ್ಲುಗುಡ್ಡಗಳ ನಡುವೆ ಲಂಬಾಣಿ ತಾಂಡಾಗಳಿವೆ. ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ಅದು ಕೆಲಸ ಕೊಡುವುದು ಕೆಲವರಿಗೆ. ನೀರಾವರಿ ಇರುವಲ್ಲೂ ಕೊಯ್ಲಿನ ಯಂತ್ರ ಬಂದ ಮೇಲೆ ಕೂಲಿಯ ದಿನಗಳು ಕರಗಿವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಈ ಸೀಮೆಯ ಎದೆ ನಡುಗಿದ್ದು ಸುಮ್ಮನೆ ಅಲ್ಲ. ಎರಡನೆಯ ಬೆಳೆಗೆ ನೀರಿಲ್ಲದ ವರ್ಷ ಭೂಮಿ ಇಲ್ಲದವನಿಗೆ ಕೂಲಿಯೂ ಇಲ್ಲ. ಬ್ಯಾಂಕು ಅವನಿಗೆ ಸಾಲ ಕೊಡುವುದಿಲ್ಲ, ಮೇಸ್ತ್ರಿ ಕೊಡುತ್ತಾನೆ.

ಕಾನೂನಿನಲ್ಲಿ ಒಂದು ವಿಚಿತ್ರವೂ ಇತ್ತು. ವಲಸೆ ಕಾರ್ಮಿಕರ ರಕ್ಷಣೆಗೆಂದು 1979ರಲ್ಲಿ ಬಂದ ಕಾಯ್ದೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವವರಿಗೆ ಮಾತ್ರ ಸಂಬಂಧಿಸಿತ್ತು. ಸಿಂಧನೂರಿನ ಕೂಲಿ ಹೈದರಾಬಾದಿಗೆ ಹೋದರೆ ಕಾಗದದ ಮೇಲಾದರೂ ಪ್ರಯಾಣ ಭತ್ಯೆಗೆ ಹಕ್ಕುದಾರ. ಅದಕ್ಕಿಂತ ದೂರದ ಬೆಂಗಳೂರಿಗೆ ಹೋದರೆ ರಾಜ್ಯದ ಗಡಿ ದಾಟದ ಕಾರಣಕ್ಕೆ ಅವನು ಆ ಕಾಯ್ದೆಯ ಕಣ್ಣಿಗೆ ವಲಸೆಗಾರನೇ ಅಲ್ಲ. ಸ್ವಂತ ರಾಜ್ಯದ ರಾಜಧಾನಿಯಲ್ಲಿ ಅವನ ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಉಳಿಯಿತು.

2020ರ ಬೇಸಿಗೆಯಲ್ಲಿ ಇದರ ಪರಿಣಾಮ ಇಡೀ ದೇಶಕ್ಕೆ ಕಾಣಿಸಿತು. ಲಾಕ್‌ಡೌನ್ ಜಾರಿಯಾದ ಮೇಲೆ ಬೆಂಗಳೂರಿನಿಂದ ಸಿಂಧನೂರಿನತ್ತ ನಡೆದು ಹೊರಟ ಕೂಲಿಕಾರ ಮಹಿಳೆಯೊಬ್ಬರು ಊರು ಮುಟ್ಟುವ ಮೊದಲೇ ಬಳ್ಳಾರಿಯಲ್ಲಿ ಕಣ್ಣು ಮುಚ್ಚಿದರು. ಮೇ ತಿಂಗಳಲ್ಲಿ ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆಸಿದ ಬಳಿಕ ರಾಜ್ಯ ಸರ್ಕಾರ ಹೊರರಾಜ್ಯದ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳನ್ನೇ ಬೇಡವೆಂದಿತು. ದೇಶದಾದ್ಯಂತ ಟೀಕೆ ಎದ್ದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ದುಡಿಯುವವನು ಹೋಗುತ್ತೇನೆಂದರೂ ಹೋಗಗೊಡದಿರುವುದು ಹಳ್ಳಿಯ ಸಾಹುಕಾರನ ಬುದ್ಧಿ ಮಾತ್ರವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಬಿಳಿ ಅಂಗಿಯ ಹಿಂದೆ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಸಹಭಾಗಿಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ಆಧುನಿಕ ಗುಲಾಮಗಿರಿಯಲ್ಲಿರುವವರು ಸುಮಾರು 5 ಕೋಟಿ. ಅವರಲ್ಲಿ 2 ಕೋಟಿ 80 ಲಕ್ಷ ಮಂದಿ ಬಲವಂತದ ದುಡಿಮೆಯಲ್ಲಿದ್ದಾರೆ. ಉಳಿದವರು ಬಲವಂತದ ಮದುವೆಗೆ ಸಿಕ್ಕವರು. ಇದರಿಂದ ಎಚ್ಚೆತ್ತ ಕೆಲವು ದೇಶಗಳು ದೊಡ್ಡ ಸಂಸ್ಥೆಗಳನ್ನೇ ಹೊಣೆ ಮಾಡಲು ಹೊರಟಿವೆ. ಬ್ರಿಟನ್ನಿನ 2015ರ ಕಾಯ್ದೆಯಂತೆ ವರ್ಷಕ್ಕೆ 3 ಕೋಟಿ 60 ಲಕ್ಷ ಪೌಂಡಿಗೆ ಮೇಲ್ಪಟ್ಟು ವಹಿವಾಟಿರುವ ಸಂಸ್ಥೆ, ತನ್ನ ಕೆಲಸದಲ್ಲೂ ಪೂರೈಕೆದಾರರಲ್ಲೂ ಗುಲಾಮಗಿರಿ ತಡೆಯಲು ಏನು ಮಾಡಿದೆ ಎಂದು ಪ್ರತಿವರ್ಷ ಹೇಳಿಕೆ ಕೊಡಬೇಕು. ಆಸ್ಟ್ರೇಲಿಯ 2018ರಲ್ಲಿ ಇಂಥದೇ ಕಾಯ್ದೆ ಮಾಡಿತು. ನಮ್ಮಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ, ಅತಿ ದೊಡ್ಡ ಒಂದು ಸಾವಿರ ನೋಂದಾಯಿತ ಕಂಪೆನಿಗಳು ಬಾಲಕಾರ್ಮಿಕರು, ಬಲವಂತದ ದುಡಿಮೆಯ ದೂರುಗಳ ಲೆಕ್ಕವನ್ನೂ ವಾರ್ಷಿಕ ವರದಿಯಲ್ಲಿ ಕೊಡಬೇಕೆಂದು 2022–23ರಿಂದ ಕಡ್ಡಾಯ ಮಾಡಿದೆ.

ಬೆಂಗಳೂರಿನ ವೃತ್ತಿಪರ ಸೇವಾ ಸಂಸ್ಥೆಗಳಿಗೆ ಈ ಕಾಗದ ಎರಡು ದಿಕ್ಕಿನಿಂದ ಬರುತ್ತದೆ. ವಿದೇಶಿ ಗ್ರಾಹಕ ಪ್ರಶ್ನಾವಳಿ ಕಳಿಸುತ್ತಾನೆ. ವಿದೇಶದ ಮಾತೃಸಂಸ್ಥೆ ಹೇಳಿಕೆಗೆ ವಿವರ ಕೇಳುತ್ತದೆ. ಇಂಥ ಹೇಳಿಕೆಗಳಿಗೆ ಒಂದು ಧಾಟಿ ಇದೆ. ನಮ್ಮ ನೌಕರರು ವಿದ್ಯಾವಂತರು, ನಮ್ಮ ವೃತ್ತಿಯಲ್ಲಿ ಅಪಾಯ ಕಡಿಮೆ; ಇರುವುದಾದರೆ ಶುಚಿತ್ವ, ಕಾವಲು, ಊಟ, ಕಟ್ಟಡ ಕೆಲಸ, ಸಮವಸ್ತ್ರ, ಗಣಕಯಂತ್ರಗಳ ಪೂರೈಕೆಯಲ್ಲಿ ಇರಬಹುದು. ಅದು ಸುಳ್ಳಲ್ಲ. ಆದರೆ ಅಪಾಯ ಅಲ್ಲಿದೆ ಎಂದು ಬರೆದ ಸಂಸ್ಥೆ ಅಲ್ಲಿಗೆ ಹೋಗಿ ನೋಡಿತೇ? ಬಹಳ ಸಲ ಆಗುವುದಿಷ್ಟು: ಪೂರೈಕೆದಾರನಿಗೆ ಒಂದು ನಮೂನೆ ಹೋಗುತ್ತದೆ; ‘ನಮ್ಮಲ್ಲಿ ಜೀತವಿಲ್ಲ’ ಎಂಬ ಚೌಕಕ್ಕೆ ಅವನು ಗುರುತು ಹಾಕುತ್ತಾನೆ; ಸಹಿ ಬೀಳುತ್ತದೆ; ಕಡತ ಮುಚ್ಚುತ್ತದೆ. ಬ್ರಿಟನ್ನಿನ ಕಾಯ್ದೆಯಂತೂ ‘ಯಾವ ಕ್ರಮವನ್ನೂ ಕೈಗೊಂಡಿಲ್ಲ’ ಎಂದು ಬರೆದುಕೊಡಲೂ ಅವಕಾಶ ಇಟ್ಟಿದೆ.

ಪರರ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೂ ಹಿಡಿಯುವವರು ತಮ್ಮದೇ ನೆಲ ಒರೆಸುವ ಗುತ್ತಿಗೆಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬಹುದು. ಲೆಕ್ಕಕ್ಕಾಗಿ ಕನಿಷ್ಠ ವೇತನವನ್ನು ನೂರು ರೂಪಾಯಿ ಎಂದಿಟ್ಟುಕೊಂಡರೆ ಭವಿಷ್ಯ ನಿಧಿಗೆ ಮಾಲೀಕನ ಪಾಲು 12 ರೂಪಾಯಿ. ಇಎಸ್‌ಐಗೆ 3 ರೂಪಾಯಿ 25 ಪೈಸೆ. ಕನಿಷ್ಠ ಬೋನಸ್ 8 ರೂಪಾಯಿ 33 ಪೈಸೆ. ಒಟ್ಟು 123 ರೂಪಾಯಿ 58 ಪೈಸೆ. ರಜೆಯ ಸಂಬಳ, ಸಮವಸ್ತ್ರ, ಗುತ್ತಿಗೆದಾರನ ಲಾಭ ಇನ್ನೂ ಸೇರಿಲ್ಲ. ಅದೇ ಕೆಲಸವನ್ನು 115 ರೂಪಾಯಿಗೆ ಮಾಡಿಕೊಡುತ್ತೇನೆಂದು ಟೆಂಡರ್ ಹಾಕಿದವನು ಉಳಿದದ್ದನ್ನು ಎಲ್ಲಿಂದ ತರುತ್ತಾನೆ? ಒಂದೋ ಭವಿಷ್ಯ ನಿಧಿ ಕಟ್ಟುವುದಿಲ್ಲ, ಇಲ್ಲವೇ ಎಂಟು ಗಂಟೆಯ ಕೂಲಿಗೆ ಹನ್ನೆರಡು ಗಂಟೆ ದುಡಿಸುತ್ತಾನೆ, ಇಲ್ಲವೇ ಕೂಲಿಯಲ್ಲೇ ಮುರಿಯುತ್ತಾನೆ. ಅದನ್ನು ಸಹಿಸಿಕೊಂಡು ನಿಲ್ಲುವ ಕಾರ್ಮಿಕ ಯಾರು? ಮುಂಗಡ ತೀರಿಸದೆ ಹೊರಡಲಾಗದವನು. ಅತಿ ಕಡಿಮೆ ದರಕ್ಕೆ ಒಪ್ಪಿಸಿದೆವೆಂದು ಖರೀದಿ ವಿಭಾಗ ಬೆನ್ನು ತಟ್ಟಿಕೊಳ್ಳುವ ದಿನವೇ ಸಿಂಧನೂರಿನಲ್ಲಿ ಇನ್ನೊಬ್ಬನಿಗೆ ಹಗ್ಗ ಬಿಗಿಯಿತೆಂದು ತಿಳಿಯಬೇಕು.

ಬಿಲ್ಲಿನ ವಿಳಂಬವೂ ಅಷ್ಟೇ ಕೆಡುಕಿನದು. ಸಂಸ್ಥೆ ಗುತ್ತಿಗೆದಾರನಿಗೆ ತೊಂಬತ್ತು ದಿನ ತಡವಾಗಿ ಹಣ ಕೊಟ್ಟರೆ ಅವನು ಉಪಗುತ್ತಿಗೆದಾರನಿಗೆ, ಅವನು ಮೇಸ್ತ್ರಿಗೆ ತಡ ಮಾಡುತ್ತಾನೆ. ಕೊನೆಯ ಮೆಟ್ಟಿಲಲ್ಲಿ ನಿಂತವನಿಗೆ ಕೂಲಿಯ ಬದಲು ವಾರಕ್ಕಿಷ್ಟು ಖರ್ಚಿಗೆ ಎಂದು ಸಿಗುತ್ತದೆ, ಪೂರ್ತಿ ಲೆಕ್ಕ ಊರಿಗೆ ಹೋಗುವಾಗ ಎಂಬ ಮಾತು ಬರುತ್ತದೆ. ತನ್ನದೇ ದುಡಿಮೆಯ ಹಣ ಮೇಸ್ತ್ರಿಯ ಬಳಿ ಒತ್ತೆಯಾಗುತ್ತದೆ. ಬಿಟ್ಟು ಹೊರಟರೆ ಅದೂ ಹೋಯಿತು.

ಹತ್ತಿಬೀಜದ ಅನುಭವ

ಸರಪಳಿಯ ಕೊನೆಯ ಕೊಂಡಿ ನಮಗೆ ಕಾಣುವುದಿಲ್ಲ, ನಾವೇನು ಮಾಡಲಾದೀತು ಎಂಬ ವಾದಕ್ಕೆ ಈ ಸೀಮೆಯಲ್ಲೇ ಉತ್ತರವಿದೆ. ಹೈಬ್ರಿಡ್ ಹತ್ತಿಬೀಜ ತಯಾರಾಗುವ ಪ್ರದೇಶಗಳಲ್ಲಿ ಕೊಪ್ಪಳ, ರಾಯಚೂರು ಜಿಲ್ಲೆಗಳೂ ಸೇರಿವೆ. ಮೊಗ್ಗನ್ನು ಸಂಜೆ ಬಿಡಿಸಿ, ಕೇಸರ ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುವ ಕೆಲಸ ಅದು. ಪ್ರತಿಯೊಂದು ಹೂವಿಗೂ ಕೈಯಿಂದಲೇ ಆಗಬೇಕು. ಎಳೆಯ ಬೆರಳು ಈ ಕೆಲಸಕ್ಕೆ ಚೆನ್ನ ಎಂಬ ನೆಪದಲ್ಲಿ ಮಕ್ಕಳನ್ನು, ಅದರಲ್ಲೂ ಹುಡುಗಿಯರನ್ನು ಹೊಲಕ್ಕಿಳಿಸಿದರು. ತಂದೆ ತಾಯಿಗೆ ಮೊದಲೇ ಮುಂಗಡ ಹೋಗುತ್ತಿತ್ತು.

ಅಲ್ಲಿಯೂ ಸರಪಳಿ ಇಂಥದೇ. ಮೇಲೆ ಬೀಜ ಕಂಪೆನಿ, ಅದರ ಕೆಳಗೆ ಮಧ್ಯವರ್ತಿ, ಆಮೇಲೆ ಬೆಳೆಗಾರ, ಕೊನೆಗೆ ಮಗು. ನಾವು ರೈತರಿಂದ ಬೀಜ ಕೊಳ್ಳುತ್ತೇವೆ, ಅವರ ಹೊಲದಲ್ಲಿ ಯಾರು ದುಡಿಯುತ್ತಾರೋ ನಮಗೆ ಸಂಬಂಧವಿಲ್ಲ ಎಂದು ಕಂಪೆನಿಗಳು ಹೇಳುತ್ತಿದ್ದವು. ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಮತ್ತು ಅವರ ಜೊತೆಗಾರರ ಅಧ್ಯಯನಗಳು ಈ ಮಾತನ್ನು ಒಪ್ಪಲಿಲ್ಲ. ಕಂಪೆನಿ ಕೊಡುವ ಖರೀದಿ ಬೆಲೆಯಲ್ಲಿ ದೊಡ್ಡವರಿಗೆ ಸರಿಯಾದ ಕೂಲಿ ಕೊಟ್ಟರೆ ಬೆಳೆಗಾರನಿಗೆ ಉಳಿಯುವುದು ಕಷ್ಟ ಎಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿತು. ಮಗುವಿನ ಬೆರಳಿಗೆ ಕಂಪೆನಿಯ ದರಪಟ್ಟಿಯೇ ಕಾರಣ ಎಂದಂತಾಯಿತು.

ಒತ್ತಡ ಹೆಚ್ಚಿದ ಮೇಲೆ ಕೆಲವು ದೊಡ್ಡ ಕಂಪೆನಿಗಳು ಹೊಲಗಳಿಗೆ ತಪಾಸಣೆಯವರನ್ನು ಕಳಿಸಿದವು. ಮಕ್ಕಳನ್ನು ದುಡಿಸದ ಬೆಳೆಗಾರನಿಗೆ ಖರೀದಿ ಬೆಲೆಯ ಮೇಲೆ ಶೇ. 5 ಹೆಚ್ಚು ಕೊಟ್ಟವು. ಪದೇ ಪದೇ ತಪ್ಪಿದವರನ್ನು ಕೈಬಿಟ್ಟವು. ಅಂಥ ಹೊಲಗಳಲ್ಲಿ ಸಣ್ಣ ಮಕ್ಕಳ ಸಂಖ್ಯೆ ಇಳಿಯಿತು. ಸಮಸ್ಯೆ ಮುಗಿಯಲಿಲ್ಲ ಎಂಬುದು ಮುಂದಿನ ಅಧ್ಯಯನಗಳಿಂದ ತಿಳಿಯುತ್ತದೆ. 2015ರ ವರದಿ ದೇಶದ ಬೀಜದ ಹೊಲಗಳಲ್ಲಿ 14ರೊಳಗಿನ ಮಕ್ಕಳು ಸುಮಾರು ಎರಡು ಲಕ್ಷ ಇದ್ದಾರೆಂದು ಅಂದಾಜು ಮಾಡಿತು. ಆದರೂ ಹೊಲದವರೆಗೆ ಹೋಗಿ ನೋಡುವುದು ಮತ್ತು ನ್ಯಾಯವಾದ ಬೆಲೆ ಕೊಡುವುದು, ಇವೆರಡೂ ಒಟ್ಟಿಗೆ ನಡೆದಲ್ಲಿ ಬದಲಾವಣೆ ಸಾಧ್ಯ ಎಂಬುದು ಸಾಬೀತಾಯಿತು. ಬರೀ ತಪಾಸಣೆ ಪೊಲೀಸರ ಆಟವಾಗುತ್ತದೆ, ಬರೀ ಬೆಲೆ ಮಧ್ಯವರ್ತಿಯ ಜೇಬು ಸೇರುತ್ತದೆ.

ಸಂಸ್ಥೆ ಕೇಳಬೇಕಾದದ್ದು

ಕಚೇರಿಯೊಂದು ನಿಜವಾಗಿಯೂ ತಿಳಿಯಬೇಕೆಂದಿದ್ದರೆ ದಪ್ಪ ಪ್ರಶ್ನಾವಳಿ ಬೇಡ. ಕಾವಲಿನವನನ್ನೋ ಕಸ ಗುಡಿಸುವವಳನ್ನೋ ಗುತ್ತಿಗೆದಾರನ ಮೇಲ್ವಿಚಾರಕ ಇಲ್ಲದ ಜಾಗದಲ್ಲಿ, ಅವರ ಕನ್ನಡದಲ್ಲಿ, ಹೆಸರು ಬರೆದುಕೊಳ್ಳದೆ ಕೆಲವು ಮಾತು ಕೇಳಿದರೆ ಸಾಕು.

* ಇಲ್ಲಿಗೆ ಬರುವಾಗ ಬಸ್ಸಿನ ಖರ್ಚು ಯಾರು ಕೊಟ್ಟರು? ಅದನ್ನು ಆಮೇಲೆ ಮುರಿದುಕೊಂಡರೇ?

* ಮುಂಗಡ ಪಡೆದಿದ್ದರೆ ಎಷ್ಟು? ಇನ್ನೆಷ್ಟು ಬಾಕಿ ಎಂದು ನಿಮಗೆ ಗೊತ್ತೇ, ಅಥವಾ ಮೇಸ್ತ್ರಿಗೆ ಮಾತ್ರ ಗೊತ್ತೇ?

* ಆಧಾರ್ ಕಾರ್ಡ್, ಬ್ಯಾಂಕಿನ ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ?

* ಊರಲ್ಲಿ ಸಾವಾದರೆ ನಾಳೆಯೇ ಹೊರಡಬಹುದೇ? ಹೊರಟರೆ ದುಡಿದ ಹಣ ಸಿಗುತ್ತದೆಯೇ?

* ಗಂಡನ ಹೆಸರಿಗೆ ಮಾತ್ರ ಕೂಲಿ ಬರೆದು ಹೆಂಡತಿ, ಮಕ್ಕಳನ್ನೂ ದುಡಿಸುತ್ತಿದ್ದಾರೆಯೇ?

ಕೊನೆಯ ಪ್ರಶ್ನೆ ಕಟ್ಟಡದ ಕೆಲಸಕ್ಕೆ, ಇಟ್ಟಿಗೆ ಗೂಡಿಗೆ ಹೆಚ್ಚು ಸಲ್ಲುತ್ತದೆ. ಹೊಸ ಕಚೇರಿ ಬಾಡಿಗೆಗೆ ಹಿಡಿಯುವಾಗ, ಒಳಾಂಗಣ ಮಾಡಿಸುವಾಗ ಕಾರ್ಮಿಕರ ಶೆಡ್ ಎಲ್ಲಿದೆ, ಅಲ್ಲಿ ನೀರಿದೆಯೇ, ಶೌಚಾಲಯವಿದೆಯೇ ಎಂದು ಹೋಗಿ ನೋಡುವುದು ಗ್ರಾನೈಟಿನ ಬಣ್ಣ ಆರಿಸುವುದಕ್ಕಿಂತ ಕಷ್ಟದ ಕೆಲಸವೇನಲ್ಲ. ಗ್ರಾನೈಟಿನದೂ ಒಂದು ಕತೆಯೇ. ತೆಲಂಗಾಣ, ಆಂಧ್ರ, ಕರ್ನಾಟಕದ ಕಲ್ಲುಗಣಿಗಳ ಬಗ್ಗೆ 2017ರಲ್ಲಿ ಹೊರಬಂದ ಅಧ್ಯಯನ ಅಲ್ಲಿಯೂ ದೊಡ್ಡ ಮುಂಗಡ ಕೊಟ್ಟು ಕಾರ್ಮಿಕರನ್ನು ಕಟ್ಟಿಹಾಕುವ ಪರಿಪಾಠವನ್ನು ದಾಖಲಿಸಿತ್ತು.

ನೇಮಕದ ಖರ್ಚನ್ನು ಕಾರ್ಮಿಕ ಹೊರಬಾರದು, ಮಾಲೀಕ ಹೊರಬೇಕು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಿಕೊಂಡ ತತ್ತ್ವ. ಇದನ್ನು ಗುತ್ತಿಗೆ ಪತ್ರದಲ್ಲೇ ಬರೆಸಿ, ಅದಕ್ಕೆ ತಕ್ಕ ಹಣವನ್ನು ದರದಲ್ಲಿ ಸೇರಿಸಿದರೆ ಮೇಸ್ತ್ರಿಯ ಪುಸ್ತಕದ ಮೊದಲ ಸಾಲು ಅಳಿಯುತ್ತದೆ. ಕೂಲಿ ಕಾರ್ಮಿಕನ ಸ್ವಂತ ಖಾತೆಗೆ ಹೋಗಬೇಕು. ಉಪಗುತ್ತಿಗೆ ಕೊಡುವುದಿದ್ದರೆ ಮೊದಲೇ ತಿಳಿಸಬೇಕು.

ತಪ್ಪು ಕಂಡ ದಿನ ಏನು ಮಾಡಬೇಕೆಂಬುದೂ ಮುಖ್ಯ. ಹೆಸರು ಕೆಟ್ಟೀತೆಂದು ಹೆದರಿ ಸಂಸ್ಥೆ ಆ ಕ್ಷಣವೇ ಗುತ್ತಿಗೆ ರದ್ದು ಮಾಡಿ ಕೈ ಝಾಡಿಸಿಕೊಳ್ಳುವುದುಂಟು. ಆಗ ಗುತ್ತಿಗೆದಾರ ಬೇರೆ ಕಟ್ಟಡಕ್ಕೆ ಹೋಗುತ್ತಾನೆ. ಕಾರ್ಮಿಕ ಕೂಲಿಯೂ ಇಲ್ಲದೆ, ಬಾಕಿಯೂ ಹರಿಯದೆ ಬೀದಿಗೆ ಬೀಳುತ್ತಾನೆ. ಮೊದಲು ಬಾಕಿ ಕೂಲಿ ಕೊಡಿಸುವುದು, ಸಾಲ ರದ್ದಾಗಿದೆಯೆಂದು ಖಚಿತಪಡಿಸುವುದು, ಜಿಲ್ಲಾಡಳಿತಕ್ಕೆ ತಿಳಿಸುವುದು, ಗುತ್ತಿಗೆದಾರನ ವಿಚಾರ ಆಮೇಲೆ. ಹೀಗಲ್ಲದೆ ಬೇರೆ ಕ್ರಮದಲ್ಲಿ ಮಾಡಿದರೆ ಶಿಕ್ಷೆ ಅನುಭವಿಸಿದವನಿಗೇ ಮತ್ತೊಂದು ಶಿಕ್ಷೆ.

ಲಿಂಗಸುಗೂರಿನ ಒಂದು ಕಚೇರಿ

ಇಷ್ಟೆಲ್ಲ ಬೆಂಗಳೂರಿನಲ್ಲಿ ನಡೆದರೂ ಇನ್ನರ್ಧ ಕೆಲಸ ಊರಿನಲ್ಲೇ ಉಳಿಯುತ್ತದೆ. 1976ರ ಕಾಯ್ದೆ ಪ್ರತಿ ಜಿಲ್ಲೆಗೆ, ಪ್ರತಿ ಉಪವಿಭಾಗಕ್ಕೆ ಒಂದೊಂದು ಜಾಗೃತಿ ಸಮಿತಿ ಇರಬೇಕೆನ್ನುತ್ತದೆ. ಸಿಂಧನೂರು, ಮಸ್ಕಿ ತಾಲ್ಲೂಕುಗಳು ಲಿಂಗಸುಗೂರು ಉಪವಿಭಾಗಕ್ಕೆ ಸೇರಿವೆ. ಅಂದರೆ ಮೂರೂ ಊರುಗಳ ಜೀತದ ಲೆಕ್ಕ ಲಿಂಗಸುಗೂರಿನ ಉಪವಿಭಾಗಾಧಿಕಾರಿಯ ಮೇಜಿನ ಮೇಲೆ ಇರಬೇಕು. ಸಮಿತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು, ಸಮಾಜ ಸೇವಕರು ಇಬ್ಬರು, ಸಾಲ ನೀಡುವ ಸಂಸ್ಥೆಗಳ ಪ್ರತಿನಿಧಿಯೊಬ್ಬರು ಇರಬೇಕೆಂದು ಕಾಯ್ದೆಯೇ ಹೇಳಿದೆ. ಬ್ಯಾಂಕಿನವರನ್ನು ಸೇರಿಸಿದ್ದು ಸುಮ್ಮನೆ ಅಲ್ಲ. ಜೀತ ಬಿಡಿಸಿದರೆ ಸಾಲದು, ಮತ್ತೆ ಸಾಲ ಬೇಕಾದಾಗ ಅವನು ಅದೇ ಮೇಸ್ತ್ರಿಯ ಬಾಗಿಲಿಗೆ ಹೋಗದಂತೆ ನೋಡಬೇಕು ಎಂಬುದು ಅದರ ಉದ್ದೇಶ.

ಬಿಡುಗಡೆಯಾದವರಿಗೆ 2016ರ ಕೇಂದ್ರ ಯೋಜನೆಯಲ್ಲಿ ವಯಸ್ಕ ಪುರುಷನಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವಿದೆ. ತಕ್ಷಣದ ನೆರವು ಮೊದಲು 20 ಸಾವಿರದವರೆಗೆ ಇದ್ದುದನ್ನು ಬಳಿಕ 30 ಸಾವಿರಕ್ಕೆ ಏರಿಸಲಾಯಿತು. ಆದರೆ ಪೂರ್ತಿ ಮೊತ್ತ ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟುಬಿದ್ದಿದೆ. ಬಿಡುಗಡೆ ಪತ್ರವೇ ಇಲ್ಲದಿದ್ದರೆ ಯಾವುದೂ ಇಲ್ಲ. ಆ ಪತ್ರಕ್ಕಾಗಿ ಜೀತ ವಿಮುಕ್ತಿ ಕರ್ನಾಟಕದಂಥ ಸಂಘಟನೆಗಳು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಸವೆಸಿವೆ. ಸಿಂಧನೂರಿನಿಂದ ಮಾನ್ವಿಗೆ ಹೋಗುವ ದಾರಿಯ ಪೋತ್ನಾಳದಲ್ಲಿ ದಲಿತ ಕೂಲಿ ಹೆಣ್ಣುಮಕ್ಕಳೇ ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡು ತಮ್ಮ ಹಕ್ಕಿಗಾಗಿ ನಿಂತಿದ್ದಾರೆ. ಜವಾಬ್ದಾರಿಯ ಬಗ್ಗೆ ವರದಿ ಬರೆಯುವ ನಗರದ ಸಂಸ್ಥೆ ಇಂಥವರೊಡನೆ ಕೂತು ಮಾತಾಡಿದರೆ ಯಾವ ಊರಿಗೆ ಯಾವ ಮೇಸ್ತ್ರಿ ಬರುತ್ತಾನೆಂಬುದು ತಾನಾಗಿ ತಿಳಿಯುತ್ತದೆ.

ಹೆದ್ದಾರಿಯಲ್ಲಿ ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ ಸಿಗುತ್ತದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಇಲ್ಲಿನ ಗುಡ್ಡದ ಬಂಡೆಯಲ್ಲಿ ಶಾಸನವೊಂದನ್ನು ಕಂಡರು. ಅಲ್ಲಿಯವರೆಗೆ ‘ದೇವಾನಾಂಪ್ರಿಯ’ ಎಂದಷ್ಟೇ ತಿಳಿದಿದ್ದ ದೊರೆಯ ಹೆಸರು ಅಶೋಕ ಎಂದು ಜಗತ್ತಿಗೆ ಸ್ಪಷ್ಟವಾದದ್ದು ಆ ಬಂಡೆಯಿಂದ. ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಿಂತರೆ ಸಣ್ಣವನಿಗೂ ಮೇಲಿನ ಪದವಿ ದಕ್ಕುತ್ತದೆ ಎಂಬುದು ಅದರ ಸಾರ. ಅದೇ ಅಶೋಕ ಬೇರೆ ಕಡೆಯ ಶಾಸನಗಳಲ್ಲಿ ಧರ್ಮವೆಂದರೇನು ಎಂದು ವಿವರಿಸುವಾಗ ದಾಸರನ್ನೂ ಆಳುಗಳನ್ನೂ ಸರಿಯಾಗಿ ನಡೆಸಿಕೊಳ್ಳುವುದನ್ನು ಸೇರಿಸಿದ್ದಾನೆ. ದಾಸ್ಯವೇ ಕೂಡದು ಎಂದು ಅವನು ಹೇಳಲಿಲ್ಲ. ಅಷ್ಟನ್ನು ಹೇಳಲು ನಮ್ಮ ಸಂವಿಧಾನ ಬರಬೇಕಾಯಿತು.

ಆ ಗುಡ್ಡದ ಪಕ್ಕದ ರಸ್ತೆಯಲ್ಲೇ ರಾತ್ರಿಯ ಬಸ್ಸುಗಳು ಬೆಂಗಳೂರಿನತ್ತ ಹೋಗುತ್ತವೆ. ಬೆಳಗಾಗುವ ಹೊತ್ತಿಗೆ ಯಾವುದೋ ಗಾಜಿನ ಕಟ್ಟಡದ ಹಿಂಬಾಗಿಲಲ್ಲಿ ಹೊಸ ಸಮವಸ್ತ್ರ ತೊಟ್ಟು ಒಬ್ಬಳು ನಿಂತಿರುತ್ತಾಳೆ. ಮುಂಬಾಗಿಲಿನಿಂದ ಬರುವವರು ಅವಳನ್ನು ಕೇಳಬೇಕಾದದ್ದು ಒಂದೇ ಮಾತು: ಮುಂಗಡ ಕೊಟ್ಟವರು ಯಾರು?